ಅಯ್ಯನವರ ಮ್ಯಾಕ್ರೋ ಲೆನ್ಸು

ಯಾವ ವಸ್ತು ಕೈಗೆ ಬಂದರೂ ನನಗೆ ಮೊದಲು ಕಾಣುವುದು ಅದರ ಹುಳುಕು. ಕಂಡದ್ದು ಬಾಯಲ್ಲಿ ನಿಲ್ಲುವುದಿಲ್ಲ. ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಸೀರೆ ಅಂಗಡಿಯ ಮಾಲೀಕರಿಗೆ ಏನೋ ಕೆಲಸ ನೆನಪಾಗಿ ಒಳಗೆ ಹೋಗಿಬಿಡುತ್ತಾರೆ. ನನ್ನ ಗಂಡ ಇಸ್ರಾರನದು ಹಗರಿಬೊಮ್ಮನಹಳ್ಳಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು. ನನ್ನನ್ನು ಒಂದು ದಿನ ಅಲ್ಲಿ ಕೂರಿಸಿದರೆ ರಿಪೇರಿಯಾದ ಒಂದು ಗಾಡಿಯೂ ಹೊರಗೆ ಹೋಗುವುದಿಲ್ಲ ಎಂದು ಅವನು ಎಲ್ಲರ ಮುಂದೆ ಹೇಳುತ್ತಾನೆ. ಹೇಳಲಿ. ಆ ಕಣ್ಣಿನಿಂದಲೇ ನಾನು ದುಡಿಯುವುದು. ಅಕ್ಕಸಾಲಿಗರ ಓಲೆ ಜುಮುಕಿ, ಬೇಕರಿಯ ಕೇಕು, ಹೊಸದಾಗಿ ಹುಟ್ಟಿದ ಕೂಸಿನ ಪಾದ, ಹೀಗೆ ಯಾರಿಗೆ ಏನು ಬೇಕೋ ಅದರ ಫೋಟೋ ತೆಗೆದು ಕೊಡುತ್ತೇನೆ.

ಈ ವರ್ಷ ನನಗೊಂದು ದೊಡ್ಡ ಕೆಲಸ ಬಂತು. ಹಡಗಲಿಯ ಮಲ್ಲಿಗೆ ವ್ಯಾಪಾರಿ ಗುರುಬಸವರಾಜ ಅವರೂ ಅವರಿಗೆ ಹೂ ಹಾಕುವ ಬೆಳೆಗಾರರೂ ಸೇರಿ ಒಂದು ಸಣ್ಣ ಪುಸ್ತಕ ಮಾಡಿಸಬೇಕೆಂದಿದ್ದರು. ಮೊಗ್ಗು ಕೊರೆಯುವ ಹುಳವನ್ನು ಮೊದಲೇ ಗುರುತು ಹಿಡಿಯುವುದು ಹೇಗೆ ಎಂಬುದು ಅದರ ವಿಷಯ. ಹುಳ ಜೀರಿಗೆ ಕಾಳಿನಷ್ಟಿರುತ್ತದೆ. ತೋಟದವರಿಗೆ ಅದು ಕಾಣುವ ಹೊತ್ತಿಗೆ ಅರ್ಧ ಗಿಡ ಕೈಬಿಟ್ಟಿರುತ್ತದೆ. ಅದನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ, ತಲೆ ಯಾವುದು ಮೈ ಯಾವುದು ತಿಳಿಯುವ ಹಾಗೆ ತೋರಿಸಬೇಕು. ಫೋಟೋ ನನ್ನದು, ಕೆಳಗೆ ಹೆಸರೂ ನನ್ನದು ಎಂದರು. ಮದುವೆ ಕಾರ್ಡು ಬಿಟ್ಟರೆ ಅಫ್ರೀನ್ ಎಂಬ ಹೆಸರು ಇದುವರೆಗೆ ಎಲ್ಲಿಯೂ ಅಚ್ಚಾದದ್ದಿಲ್ಲ. ಅದು ಬೇಕೆಂದು ನನಗೆ ಎಷ್ಟು ಆಸೆಯಾಯಿತು ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆದರೆ ನನ್ನ ಹತ್ತಿರವಿದ್ದ ಲೆನ್ಸಿಗೆ ಆ ಹುಳ ಒಗ್ಗಲಿಲ್ಲ. ಹತ್ತಿರ ಹೋದಷ್ಟೂ ಎಲ್ಲ ಮಸುಕಾಗುತ್ತಿತ್ತು, ದೂರ ಸರಿದರೆ ಹುಳವೇ ಕಾಣುತ್ತಿರಲಿಲ್ಲ. ಇದಕ್ಕೆ ಸಣ್ಣದನ್ನು ಹತ್ತಿರದಿಂದ ದೊಡ್ಡದು ಮಾಡಿ ತೋರಿಸುವ ಮ್ಯಾಕ್ರೋ ಲೆನ್ಸೇ ಬೇಕು. ಹೊಸದರ ಬೆಲೆ ಕೇಳಿದ ಇಸ್ರಾರ ಅಷ್ಟರಲ್ಲಿ ಒಂದು ಬೈಕ್ ಬರುತ್ತದಲ್ಲ ಎಂದ. ಹಳೆಯದೇ ಗತಿ, ಅದೂ ಬೇಗ. ಮೊಗ್ಗಿನ ಸುಗ್ಗಿ ಇಳಿಯುವುದರೊಳಗೆ ಫೋಟೋ ಕೈಗೆ ಬಾರದಿದ್ದರೆ ನೆಟ್ಟಿನಲ್ಲಿ ಸಿಗುವ ಯಾವುದಾದರೂ ಹುಳ ಹಾಕಿ ಮುಗಿಸುತ್ತೇವೆ ಎಂದು ಗುರುಬಸವರಾಜ ಹೇಳಿಬಿಟ್ಟಿದ್ದರು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಫೋನ್ ನೋಡುವುದು, ಹಾಲು ಉಕ್ಕಿದ ಮೇಲೆ ಫೋನಿಗೆ ಬೈಯುವುದು, ಇದೇ ಆಯಿತು.

ಮೊದಲು ಕೊಟ್ಟೂರಿಗೆ ಹೋದೆವು. ಮದುವೆ ಫೋಟೋ ತೆಗೆಯುವ ಹುಲುಗೇಶ್ ತನ್ನ ಲೆನ್ಸನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಒಳಗಿನ ಗಾಜಿಗೆ ಬೂಷ್ಟು ಹಿಡಿದು ಬೇರು ಬಿಟ್ಟಿತ್ತು. ಅದು ಧೂಳು ಎಂದ. ಧೂಳಿಗೆ ಬೇರು ಬರುವುದಿಲ್ಲ ಎಂದೆ. ಕೂಡ್ಲಿಗಿಯಲ್ಲಿ ಸಿಕ್ಕಿದ ಲೆನ್ಸಿನ ಮೈಮೇಲೆ ಮ್ಯಾಕ್ರೋ ಎಂದೇನೋ ಬರೆದಿತ್ತು. ನಾನು ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದೆ. ನಿಜವಾದ ಮ್ಯಾಕ್ರೋ ಆದರೆ ನಾಣ್ಯ ಇಡೀ ಫೋಟೋ ತುಂಬಬೇಕು. ಇದರಲ್ಲಿ ಹಣೆಬೊಟ್ಟಿನಷ್ಟು ಬಂತು. ಹಡಗಲಿಯ ಸ್ಟುಡಿಯೋದವರ ಲೆನ್ಸಿನೊಳಗೆ ಬೆಳಕು ಬಿಡುವ ರೆಕ್ಕೆಗಳಿಗೆ ಎಣ್ಣೆ ಇಳಿದು, ಮುಚ್ಚು ಎಂದರೆ ಅವು ಯೋಚನೆ ಮಾಡುತ್ತಿದ್ದವು. ಮೂರೂ ಕಡೆ ಜಗಳವಾಯಿತು. ಮೂರೂ ಕಡೆ ಇಸ್ರಾರ ಹೊರಗೆ ಬೈಕಿನ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದ. ನೀನು ಲೆನ್ಸು ಆರಿಸುವುದರೊಳಗೆ ಆ ಹುಳಕ್ಕೆ ರೆಕ್ಕೆ ಬಂದು ಹಾರಿಹೋಗಿರುತ್ತದೆ ಎಂದು ದಾರಿಯುದ್ದಕ್ಕೂ ಚುಡಾಯಿಸಿದ. ನನಗೆ ನಗು ಬರಲಿಲ್ಲ.

ಜಗಳವಾಡಿದ ಹುಲುಗೇಶನೇ ಎರಡು ದಿನ ಬಿಟ್ಟು ಫೋನ್ ಮಾಡಿದ. ಹರಪನಹಳ್ಳಿಯಲ್ಲಿ ವೀರಭದ್ರಯ್ಯ ಅಂತ ಹಳೇ ಫೋಟೋಗ್ರಾಫರ್ ಇದ್ದಾರೆ, ಸ್ಟುಡಿಯೋ ಮುಚ್ಚಿದ್ದಾರೆ, ಅವರ ಹತ್ತಿರ ಒಂದು ಒಳ್ಳೇ ಮ್ಯಾಕ್ರೋ ಮಾರಾಟಕ್ಕಿದೆ, ನಿಮ್ಮ ಕ್ಯಾಮೆರಾಕ್ಕೆ ಕೂರುತ್ತದೆ ಎಂದ. ಆದರೆ ನಿಮಗೆ ಸಿಗಲಾರದು ಎಂದೂ ಸೇರಿಸಿದ. ಆ ಊರಿನ ಕ್ರಾಂತಿಕುಮಾರ್ ನೋಡಲು ಹೋಗಿದ್ದನಂತೆ. ಟಾರ್ಚು ಹಾಕಿ ನೋಡಿ ಏನೋ ಹೇಳಲು ಬಾಯಿ ತೆರೆದನಂತೆ, ಅಷ್ಟರಲ್ಲಿ ಮುದುಕಪ್ಪ ಲೆನ್ಸು ಕಸಿದು ಡಬ್ಬಿಗೆ ಹಾಕಿ, ಇದು ಮಾರಾಟಕ್ಕಿಲ್ಲ ನಡಿ ಎಂದು ಎಬ್ಬಿಸಿ ಕಳಿಸಿದರಂತೆ.

"ನಿಮ್ಮ ಬಾಯಿಗೆ ನೀವು ಕುಂದ್ರೋಕೂ ಪುರುಸೊತ್ತು ಸಿಗಂಗಿಲ್ಲ ನೋಡ್ರಿ ಅಕ್ಕಾರ," ಎಂದು ನಕ್ಕ.

ಏನೋ ದೊಡ್ಡ ಹುಳುಕನ್ನೇ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಹಾಗೆ ಅನಿಸಿದ ಮೇಲೆ ಹೋಗದೆ ಇರುವುದು ನನ್ನಿಂದ ಆಗದ ಮಾತು. ಲೆನ್ಸು ಸಿಗಲಿ ಬಿಡಲಿ, ಮುದುಕಪ್ಪನ ಮುಖಕ್ಕೆ ಹೇಳಿಯೇ ಬರುತ್ತೇನೆ ಎಂದು ಸೆರಗು ಕಟ್ಟಿ ಹೊರಟೆ.

ಮನೆ ಹಳೇ ಪೇಟೆಯ ಓಣಿಯಲ್ಲಿತ್ತು. ಬಾಗಿಲು ತೆಗೆದವರು ವೀರಭದ್ರಯ್ಯನವರ ಹೆಂಡತಿ ಅನ್ನದಾನಮ್ಮ. ತೆಳ್ಳಗಿನ ಹೆಂಗಸು, ಹಣೆಯ ಮೇಲೆ ಅಗಲವಾಗಿ ವಿಭೂತಿ. ಬರ್ರಿ ತಂಗಿ ಎಂದು ಕೈ ಹಿಡಿದೇ ಒಳಗೆ ಕರೆದುಕೊಂಡರು. ಈ ಸಲ ಇಸ್ರಾರನೂ ಒಳಗೆ ಬಂದ. ಎಲ್ಲರೂ ಅಯ್ಯನವರು ಎಂದು ಕರೆಯುವ ಆ ಮುದುಕರು ಚಾಪೆಯ ಮೇಲೆ ಕೂತಿದ್ದರು. ಎರಡೂ ಕೈ ನಡುಗುತ್ತಿದ್ದವು. ನೀರಿನ ಲೋಟ ಅರ್ಧವೇ ತುಂಬಿಸಿ ಕೊಟ್ಟಿದ್ದರು, ಅದೂ ತುಳುಕುತ್ತಿತ್ತು. ಈ ಕೈ ಇಟ್ಟುಕೊಂಡು ಹತ್ತಿರದ ಫೋಟೋ ಆಗುತ್ತದೇನು, ಅದಕ್ಕೇ ಕೊಡುತ್ತಿದ್ದೇನೆ ಎಂದರು.

ಗೋಡೆಯ ತುಂಬ ಅವರು ತೆಗೆದ ಫೋಟೋಗಳು. ಎಲ್ಲ ಬಾಗಳಿಯ ಕಲ್ಲೇಶ್ವರ ಗುಡಿಯವು. ಗುಡಿಯ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ; ಇವರು ತೆಗೆದಿದ್ದು ಶಿಲೆಯ ಒಂದೇ ಒಂದು ಬೆರಳಿನ ಉಂಗುರ, ಒಂದು ಕಾಲಂದಿಗೆಯ ಮೂರು ಗೆಜ್ಜೆ, ಬಸವಣ್ಣನ ಕಿವಿಯ ಮೇಲೆ ಹತ್ತುತ್ತಿರುವ ಒಂದು ಇರುವೆ. ಇರುವೆಯ ಕಾಲಿನ ಕೂದಲು ಸಹ ಎಣಿಸಬಹುದಿತ್ತು. ನನಗೆ ಮೈ ಜುಮ್ಮೆಂದಿತು. ಈ ಲೆನ್ಸೇ ಏನು ಎಂದು ಕೇಳಿದೆ. ಹೌದು ಎಂದರು. ಎಲ್ಲ ಹಳೆಯ ಫೋಟೋಗಳು, ಅಂಚು ಹಳದಿಯಾಗಿದ್ದವು. ಆಮೇಲೆ ಯಾಕೆ ತೆಗೆಯಲಿಲ್ಲ ಎಂದದ್ದಕ್ಕೆ, ಗುಡಿ ಮುಗೀತು ತಂಗಿ ಎಂದರು. ಆ ಗುಡಿ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಮುಗಿಯುವಂಥದ್ದಲ್ಲ ಎಂದು ನನಗೂ ಗೊತ್ತು. ಆದರೆ ನನ್ನ ಕಣ್ಣು ಡಬ್ಬಿಯ ಮೇಲಿತ್ತು.

ಲೆನ್ಸು ಕ್ಯಾಮೆರಾಕ್ಕೆ ಹಾಕಿದೆ. ನಾಣ್ಯ ಇಟ್ಟೆ, ಅಂಚಿನಿಂದ ಅಂಚಿಗೆ ತುಂಬಿತು. ಫೋಕಸ್ ಉಂಗುರ ಬೆಣ್ಣೆಯ ಹಾಗೆ ತಿರುಗಿತು. ರೆಕ್ಕೆಗಳು ಚಟ್ಟನೆ ಮುಚ್ಚಿ ಚಟ್ಟನೆ ತೆರೆದವು. ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ, ಬೂಷ್ಟಿಲ್ಲ, ಮಬ್ಬಿಲ್ಲ. ಹುಳುಕು ಇಲ್ಲದ ವಸ್ತು ಜಗತ್ತಿನಲ್ಲಿ ಇರಲು ಸಾಧ್ಯವೇ ಇಲ್ಲ. ಕೊನೆಗೆ ಟಾರ್ಚನ್ನು ಓರೆ ಹಿಡಿದು ಮುಂದಿನ ಗಾಜಿನ ಮೇಲೆ ಬೆಳಕು ಜಾರಿಸಿದೆ.

ಮೂರು ಗೆರೆಗಳು ಕಂಡವು. ಒಂದರ ಕೆಳಗೆ ಒಂದು, ಅಡ್ಡಕ್ಕೆ, ಬೆರಳಗಲ. ಒಂದೊಂದು ಗೆರೆಯೂ ಕೂದಲೆಳೆಯಂಥ ನೂರಾರು ಗೀರುಗಳಿಂದ ಆಗಿತ್ತು. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಯುಧ ಪೂಜೆ ಮುಗಿದ ಮೇಲೆ ಇಸ್ರಾರನ ಗ್ಯಾರೇಜಿಗೆ ಬರುವ ಗಾಡಿಗಳ ಹೆಡ್‌ಲೈಟಿನ ಮೇಲೆ ಇವೇ ಮೂರು ಗೆರೆ ಇರುತ್ತವೆ. ಒಣಗಿದ ವಿಭೂತಿಯನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ ಗಾಜು ಗೀರುಹಾಕಿಕೊಂಡು ಬಂದು, ಬೆಳಕು ಯಾಕೋ ಕಡಿಮೆಯಾಗಿದೆ ಎನ್ನುತ್ತಾರೆ. ಬೂದಿಯಲ್ಲಿ ಸಣ್ಣ ಹರಳು ಇರುತ್ತದೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ.

ತಲೆ ಎತ್ತಿದೆ. ಅನ್ನದಾನಮ್ಮ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದರು. ಅವರ ಹಣೆಯ ಮೇಲೆ ಅದೇ ಮೂರು ಗೆರೆ. ಅಯ್ಯನವರು ನನ್ನನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು. ಅವರ ನಡುಗುವ ಕೈ ಆಗಲೇ ಡಬ್ಬಿಯ ಮುಚ್ಚಳದ ಮೇಲೆ ಬಂದಿತ್ತು. ಕ್ರಾಂತಿಕುಮಾರನನ್ನು ಯಾಕೆ ಎಬ್ಬಿಸಿ ಕಳಿಸಿದರು ಎಂದು ಆಗ ತಿಳಿಯಿತು. ಲೆನ್ಸು ಹಾಳು ಮಾಡಿದ್ದು ಈ ಹೆಂಗಸಿನ ಕೈ. ಅದು ಆಕೆಯ ಕಿವಿಗೆ ಬೀಳಬಾರದು, ಅಷ್ಟೇ.

ನನ್ನ ಬಾಯಿ ತೆರೆದಿತ್ತು. ಪಕ್ಕದಲ್ಲಿ ಕೂತಿದ್ದ ಇಸ್ರಾರ ಆ ಬಾಯಿಯನ್ನು ಚೆನ್ನಾಗಿ ಬಲ್ಲವನು, ಮೊಣಕೈಯಿಂದ ತಿವಿದ. ಈ ಗೀರು ಎಲ್ಲ ಫೋಟೋದಲ್ಲಿ ಕಾಣುವುದಿಲ್ಲ, ಆದರೆ ಬೆಳಕಿಗೆ ಎದುರಾಗಿ ಹಿಡಿದರೆ ಬಿಳಿ ಹರಡುತ್ತದೆ. ನನಗೆ ಬೇಕಿದ್ದದ್ದು ಬೆಳಗಿನ ಎದುರು ಬಿಸಿಲಿನ ಮೊಗ್ಗೇ. ಹೇಳಿದರೆ ಲೆನ್ಸು ಹೋಯಿತು, ಹೇಳದಿದ್ದರೆ ಗೊತ್ತಿದ್ದೂ ಗೀರು ಬಿದ್ದದ್ದನ್ನು ಕೊಂಡ ಹಾಗಾಯಿತು. ಇದನ್ನೆಲ್ಲ ಸಮಾಧಾನದಿಂದ ಯೋಚಿಸಿದೆ ಎಂದೇನೂ ಅಲ್ಲ. ಆ ಅಮ್ಮನ ಮುಖ ನೋಡುತ್ತ ನಾಲಿಗೆ ತಾನೇ ಹೊರಳಿತು.

"ಗಾಜು ಚೊಲೋ ಐತ್ರಿ ಅಯ್ಯಾರ. ಏನೂ ಇಲ್ಲ. ನಾ ತಗೋತೀನಿ," ಎಂದೆ.

ಅಯ್ಯನವರ ಕೈ ಮುಚ್ಚಳದಿಂದ ಇಳಿಯಿತು. ಚಹಾ ಮಾಡು ಎಂದು ಹೆಂಡತಿಗೆ ಹೇಳಿದರು. ಆಕೆ ಒಳಗೆ ಹೋಗಿ ಪಾತ್ರೆಯ ಸದ್ದು ಕೇಳಿಸಿದ ಮೇಲೆ, ಮೂರೂ ಕಂಡವೇನು ಎಂದು ಮೆಲ್ಲಗೆ ಕೇಳಿದರು. ತಲೆಯಾಡಿಸಿದೆ. ಆಮೇಲೆ ಅವರೇ ಹೇಳಿದರು. ಲೆನ್ಸು ತಂದ ಮೊದಲನೇ ದಸರೆಗೆ ಅವರು ನೆಂಟರ ಮನೆಗೆಂದು ಪರವೂರಿಗೆ ಹೋಗಿದ್ದರಂತೆ. ಬಂದು ನೋಡಿದರೆ ಅನ್ನದಾನಮ್ಮ ಕ್ಯಾಮೆರಾ, ಸ್ಟ್ಯಾಂಡು, ಲೈಟು ಎಲ್ಲಕ್ಕೂ ವಿಭೂತಿ ಹಚ್ಚಿ, ಪೂಜೆ ಮಾಡಿ, ಲೆನ್ಸಿನ ಗಾಜಿನ ಮೇಲಿನದು ಮಾತ್ರ ಒಣಗಿದ ಮೇಲೆ ಸೆರಗಿನಿಂದ ಒರೆಸಿ ಫಳಫಳ ಮಾಡಿ ಇಟ್ಟಿದ್ದರಂತೆ. ಉಳಿದ ಲೆನ್ಸುಗಳಿಗೆ ಮುಚ್ಚಳವಿತ್ತು, ಇದರ ಮುಚ್ಚಳ ಬಾಗಳಿಯಲ್ಲಿ ಕಳೆದುಹೋಗಿತ್ತು.

"ನೋಡ್ರಿ ಹೆಂಗ ಹೊಳೀತೈತೆ ಅಂದ್ಲು ತಂಗಿ. ಅಷ್ಟು ಖುಷಿಲಿಂದ ಅಂದ್ಲು. ಏನಂತ ಹೇಳ್ಲಿ ನಾನು? ಮುಂದಿನ ವರ್ಷ ಒಳಗಿಟ್ರೆ, ಅದೊಂದು ಎಲ್ರಿ ಅಂತ ಕೇಳಿದ್ಲು. ತಂದು ಕೊಟ್ಟೆ. ಹಂಗೇ ಆತು."

ವರ್ಷಾ ವರ್ಷಾ ತಮ್ಮ ಕೈಯಾರೆ ತಂದು ಪೂಜೆಗೆ ಇಡುತ್ತಿದ್ದರಂತೆ. ನನಗೆ ಸಿಟ್ಟು ಬಂತು. ಒಂದು ಮಾತು, ಗಾಜಿಗೆ ಹಚ್ಚಬೇಡವೇ ಎಂಬ ಒಂದೇ ಒಂದು ಮಾತು ಆಡಲಾಗದ ಈ ಗಂಡಸರ ಒಳ್ಳೆಯತನಕ್ಕೆ ಏನು ಮಾಡಬೇಕು? ಆದರೆ ಅಷ್ಟರಲ್ಲಿ ಚಹಾ ಬಂತು. ಬೆಲೆಯ ಮಾತನ್ನು ಇಸ್ರಾರ ಮುಗಿಸಿದ.

ಹೊರಡುವಾಗ ಅನ್ನದಾನಮ್ಮ ಓಣಿಯ ತಿರುವಿನವರೆಗೆ ಬಂದರು. ಇಸ್ರಾರ ಬೈಕ್ ತಿರುಗಿಸಿ ತರಲು ಮುಂದೆ ಹೋಗಿದ್ದ. ಆಕೆ ನನ್ನ ತಲೆಗೆ ಒಂದು ತುಂಡು ಮಲ್ಲಿಗೆ ಮುಡಿಸಿ, ಕೈ ಬಿಡಲಿಲ್ಲ.

"ನನ್ನ ಸಲುವಾಗಿ ಸುಳ್ಳು ಹೇಳಿದ್ಯಲ್ಲ ತಂಗಿ," ಎಂದರು. "ಅದನ್ನ ಕೆಡಿಸಿದ್ದು ನಾನೇ. ಗೊತ್ತೈತೆ ನನಗೆ."

ಹೇಗೆ ಗೊತ್ತಾಯಿತು ಎಂದೆ. ಒಂದು ಮಧ್ಯಾಹ್ನ ಅಯ್ಯನವರು ಅಂಗಳದ ಬಿಸಿಲಿನಲ್ಲಿ ಆ ಲೆನ್ಸನ್ನು ಓರೆ ಹಿಡಿದು ನೋಡುತ್ತ ಕೂತಿದ್ದರಂತೆ. ಈಕೆಯ ಬಳೆ ಸದ್ದಿಗೆ ಗಡಬಡಿಸಿ ಟವೆಲ್ಲಿನಲ್ಲಿ ಮುಚ್ಚಿದರಂತೆ. ಅವರು ಹೊರಗೆ ಹೋದ ಮೇಲೆ ಈಕೆ ತೆಗೆದು ಅದೇ ಬಿಸಿಲಿಗೆ ಹಿಡಿದು ನೋಡಿದರಂತೆ. ಗೆರೆ ಎಣಿಸಲು ಓದು ಬರಹ ಬೇಕಾಗಿಲ್ಲವಲ್ಲ ಎಂದರು.

ಆಗಲಾದರೂ ಹಚ್ಚುವುದನ್ನು ಬಿಡಬಾರದಿತ್ತೇ ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಬಿಟ್ರೆ ನನಗೆ ತಿಳೀತು ಅನ್ನೋದು ಅವರಿಗೆ ತಿಳಿಯಂಗಿಲ್ಲೇನು? ಆಕಿಗೆ ಬ್ಯಾಸರಾದೀತು ಅಂತ ಅಷ್ಟು ದಿನದಿಂದ ಬಾಯಿ ಬಿಗಿ ಹಿಡಿದಾರೆ. ಅದನ್ನ ನಾ ಹೆಂಗ ಮುರೀಲಿ? ಹಗೂರಕ ಹಚ್ತಿದ್ದೆ ತಂಗಿ. ಹಗೂರಕ ಒರಸ್ತಿದ್ದೆ."

ಬೈಕ್ ಬಂತು. ಹಗರಿಬೊಮ್ಮನಹಳ್ಳಿಯವರೆಗೂ ಇಸ್ರಾರ ಏನು ಹೇಳಿದರು ಎಂದು ಕೇಳಿದ, ನಾನು ಏನೂ ಇಲ್ಲ ಎಂದೆ. ಅವನಿಗೆ ಗಾಬರಿಯಾಗಿ ಜ್ವರ ಬಂದಿದೆಯೇನು ಎಂದು ಕೇಳಿದ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಜ್ವರ ಬಂದಂತೆಯೇ ಇತ್ತು. ಒಂದು ಮನೆಯಲ್ಲಿ ಇಬ್ಬರು, ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಸೇರಿ ಒಳ್ಳೆಯ ಗಾಜನ್ನು ವರ್ಷಕ್ಕೊಮ್ಮೆ ಪೂಜೆ ಮಾಡಿ ಕೆಡಿಸಿದ್ದಾರೆ. ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಏನೂ ಬಚ್ಚಿಟ್ಟುಕೊಂಡು ಗೊತ್ತಿಲ್ಲದವಳಿಗೆ ಇದು ಯಾವ ಶಿಕ್ಷೆ? ಫೋನ್ ಹಚ್ಚಿ ಇಬ್ಬರಿಗೂ ಒಟ್ಟಿಗೆ ಹೇಳಿಬಿಡಲೇ ಎಂದು ಎಷ್ಟೋ ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ.

ಹಡಗಲಿಯ ತೋಟಕ್ಕೆ ಹೋದಾಗ ಸುಗ್ಗಿಯ ಕೊನೆ. ಮೊಗ್ಗು ಬಿಡಿಸುವ ಹೆಂಗಸರು ನನ್ನನ್ನು ಸುತ್ತುಹಾಕಿಕೊಂಡು ನಗುತ್ತ ಕೆಲಸ ಮಾಡುತ್ತಿದ್ದರು. ತೂತು ಬಿದ್ದ ಒಂದು ಮೊಗ್ಗು ಸಿಕ್ಕಿತು. ಹುಳ ಕರಿ ತಲೆ ಹೊರಗೆ ಹಾಕಿತ್ತು. ಎದುರು ಬಿಸಿಲು ಬಿದ್ದ ಕೂಡಲೇ ನಾನು ಅಂದುಕೊಂಡ ಹಾಗೆಯೇ ಫೋಟೋದ ತುಂಬ ಬಿಳಿ ಹರಡಿತು. ಬೈದುಕೊಂಡೆ. ಗಾಳಿ ಬೇರೆ. ಕೊನೆಗೆ ಇಸ್ರಾರ ಲೆನ್ಸಿನ ಮೇಲೆ ತನ್ನ ಎರಡೂ ಅಂಗೈ ಮರೆ ಹಿಡಿದು ಉಸಿರು ಬಿಡದೆ ನಿಂತ. ಒಂದಷ್ಟು ಕೆಟ್ಟವು, ಒಂದು ಬಂತು. ಹುಳದ ಮೈಮೇಲಿನ ಇಬ್ಬನಿ, ಅದು ತಿಂದುಬಿಟ್ಟ ಎಸಳಿನ ಪುಡಿ, ಎಲ್ಲ ಬಂತು. ಗುರುಬಸವರಾಜ ಅದನ್ನೇ ಮುಖಪುಟಕ್ಕೆ ಹಾಕಿಸಿದರು, ಕೆಳಗೆ ನನ್ನ ಹೆಸರು.

ಪುಸ್ತಕ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಹಿಡಿದು ಹರಪನಹಳ್ಳಿಗೆ ಹೋದೆ. ಹೇಳಲು ಹೋಗಿದ್ದೆನೋ ತೋರಿಸಲು ಹೋಗಿದ್ದೆನೋ ನನಗೇ ತಿಳಿದಿರಲಿಲ್ಲ. ಅಯ್ಯನವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಎಂಥ ಸ್ವಚ್ಛ ಬಂದಿದೆ ನೋಡು ಎಂದು ಹೆಂಡತಿಗೆ ಕೇಳಿಸುವ ಹಾಗೆ ಹೇಳಿದರು. ಅನ್ನದಾನಮ್ಮ ಬಂದು ಪಕ್ಕದಲ್ಲಿ ಕೂತು, ಪುಸ್ತಕ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನೇರವಾಗಿ ನೋಡಿದರು. ಆಮೇಲೆ ಸ್ವಲ್ಪ ಓರೆ ಮಾಡಿದರು. ತೋರುಬೆರಳನ್ನು ಮುಖಪುಟದ ಮೇಲೆ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿಗೆ, ನಿಧಾನವಾಗಿ ಎಳೆದರು. ಅದರ ಕೆಳಗೆ ಇನ್ನೊಮ್ಮೆ ಎಳೆದರು.

ಅಯ್ಯನವರು ಆ ಬೆರಳನ್ನೇ ನೋಡುತ್ತಿದ್ದರು.

"ಅದು ಫೋಟೋದಾಗ ಬರಂಗಿಲ್ಲ," ಎಂದರು ಅವರು. "ಲೆನ್ಸ್ ಬಿಸಿಲಿಗೆ ಹಿಡಿದ್ರೆ ಅಷ್ಟೇ ಬರ್ತೈತೆ."

ಬೆರಳು ನಿಂತಿತು. ಗಂಡ ಹೇಳಿದ್ದು ಏನು, ಹೆಂಡತಿ ಹುಡುಕಿದ್ದು ಏನು ಎಂಬುದು ಇಬ್ಬರಿಗೂ ಒಂದೇ ಕ್ಷಣಕ್ಕೆ ತಿಳಿದದ್ದು ನನಗೆ ಕಣ್ಣಾರೆ ಕಂಡಿತು. ಅನ್ನದಾನಮ್ಮ ಮೊದಲು ಗೋಡೆಯ ಕಡೆ ನೋಡಿದರು, ಉಂಗುರ, ಗೆಜ್ಜೆ, ಇರುವೆ. ಆಮೇಲೆ ಗಂಡನ ಕಡೆ ತಿರುಗಿದರು.

"ಫೋಟೋದಾಗ ಬರಂಗಿಲ್ಲ ಅಂದ್ರೆ, ಮತ್ತ ಬಾಗಳಿಗೆ ಹೋಗೋದು ಯಾಕ ಬಿಟ್ರಿ?"

ಅಯ್ಯನವರೂ ಗೋಡೆಯ ಮೇಲಿನ ಇರುವೆಯ ಕಡೆ ನೋಡಿದರು.

"ಯಾವುದಾರ ಒಂದು ಫೋಟೋದಾಗ ಅದು ಬಂದು, ಇದೇನ್ರಿ ಅಂತ ನೀ ಕೇಳಿದ್ರೆ?"